ಮುಂದಿನ ಪಾಠ ಯಾವುದು? ಪಠ್ಯಪುಸ್ತಕ ಬರೆದ ಮೇಷ್ಟ್ರು ಮೆಂಡಲೀವ್

ಎಲ್ರಿಗೂ ನಮಸ್ಕಾರ. ಮೆಂಡಲೀವ್ ಅಂದ ತಕ್ಷಣ ಕಣ್ಮುಂದೆ ಬರೋದು ಎರಡು. ಕ್ಲಾಸಿನ ಗೋಡೆ ಮೇಲೆ ತೂಗಾಡೋ ಆ ಬಣ್ಣಬಣ್ಣದ ಚಾರ್ಟು, ಅಂದ್ರೆ ಧಾತುಗಳ ಆವರ್ತಕ ಕೋಷ್ಟಕ, ಆಮೇಲೆ ಋಷಿಗಳ ಥರ ಉದ್ದ ಗಡ್ಡ ಬಿಟ್ಕೊಂಡಿರೋ ಆ ಫೋಟೋ. ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ, ಮೆಂಡಲೀವನ ಆವರ್ತಕ ನಿಯಮ ತಿಳಿಸಿ, ಧಾತುಗಳನ್ನ ಪರಮಾಣು ತೂಕದ ಕ್ರಮದಲ್ಲಿ ಇಟ್ರೆ ಗುಣಗಳು ಮತ್ತೆ ಮತ್ತೆ ಮರಳಿ ಬರುತ್ತೆ ಅಂತ ಬರೆದ್ವಿ, ಮುಂದಿನ ಪಾಠಕ್ಕೆ ಹೋದ್ವಿ. ನಾನೂ ಕೆಮಿಸ್ಟ್ರಿ ಮೇಷ್ಟ್ರಾಗಿ ತುಂಬಾ ವರ್ಷ ಹಾಗೇ ಪಾಠ ಮಾಡಿದೀನಿ. ಆಮೇಲೆ ಒಂದ್ಸಲ ಈ ಮನುಷ್ಯನ ಜೀವನ ಪೂರ್ತಿ ಓದಿದಾಗ ನನಗೆ ಗೊತ್ತಾದ ವಿಷಯ ಏನಂದ್ರೆ, ಆ ಚಾರ್ಟು ಯಾವುದೋ ಲ್ಯಾಬಿನಲ್ಲಿ ಟೆಸ್ಟ್ ಟ್ಯೂಬ್ ಅಲ್ಲಾಡಿಸ್ತಾ ಹುಟ್ಟಿದ್ದಲ್ಲ, ಮೊದಲನೇ ವರ್ಷದ ಹುಡುಗರಿಗೆ ಒಂದು ಪಠ್ಯಪುಸ್ತಕ ಬರೀತಾ ಕೂತಿದ್ದ ಮೇಷ್ಟ್ರೊಬ್ಬರು ಈ ಅಧ್ಯಾಯ ಮುಗೀತು, ಮುಂದಿನ ಅಧ್ಯಾಯ ಯಾವುದನ್ನ ಇಡಲಿ ಅಂತ ತಲೆ ಕೆಡಿಸ್ಕೊಂಡಿದ್ರಿಂದ ಹುಟ್ಟಿದ್ದು. ಇವತ್ತು ನಾನು ಹೇಳೋದು ಆ ಮೇಷ್ಟ್ರ ಕತೆ.

ಹುಟ್ಟಿದ್ದು 1834ರಲ್ಲಿ, ಸೈಬೀರಿಯಾದ ತೊಬೋಲ್ಸ್ಕ್ ಅನ್ನೋ ಊರಲ್ಲಿ. ತುಂಬಿದ ಮನೆ, ಹತ್ತಕ್ಕಿಂತ ಹೆಚ್ಚು ಮಕ್ಕಳು, ದ್ಮಿತ್ರಿ ಕೊನೆಯವನು. ಅಪ್ಪ ಇವಾನ್ ಅಲ್ಲಿನ ಹೈಸ್ಕೂಲಿನ ಮುಖ್ಯಸ್ಥರು. ಈ ಮಗ ಹುಟ್ಟಿದ ವರ್ಷವೇ ಅವರ ಕಣ್ಣು ಹೋಯ್ತು, ಕಣ್ಣು ಹೋದ್ಮೇಲೆ ಕೆಲಸವೂ ಹೋಯ್ತು. ಸಂಸಾರ ಪೂರ್ತಿ ಅಮ್ಮ ಮರಿಯಾ ಹೆಗಲಿಗೆ ಬಿತ್ತು. ಆಕೆಯ ತವರಿನ ಕಡೆಯವರದ್ದು ಒಂದು ಗಾಜಿನ ಕಾರ್ಖಾನೆ ಇತ್ತು, ಅರೆಮ್ಜ್ಯಾಂಕಾ ಅನ್ನೋ ಹಳ್ಳಿಯಲ್ಲಿ. ಆ ಕಾರ್ಖಾನೆಯನ್ನ ಆಕೆಯೇ ನಿಂತು ನಡೆಸಿದಳು. ಮರಳು, ಸುಣ್ಣ, ಕ್ಷಾರ ಎಲ್ಲಾ ಕುಲುಮೆಯಲ್ಲಿ ಕರಗಿ ಗಾಜಾಗೋದನ್ನ ಈ ಹುಡುಗ ಅಕ್ಷರ ಕಲಿಯೋ ವಯಸ್ಸಲ್ಲೇ ನೋಡಿದ. ಕೆಮಿಸ್ಟ್ರಿ ಅನ್ನೋ ಪದ ಗೊತ್ತಾಗೋಕೆ ಮುಂಚೆ ಕೆಮಿಸ್ಟ್ರಿ ಕಣ್ಣಿಗೆ ಬಿದ್ದಿತ್ತು.

1847ರಲ್ಲಿ ಅಪ್ಪ ತೀರಿಕೊಂಡರು. ಮರುವರ್ಷ ಕಾರ್ಖಾನೆಗೆ ಬೆಂಕಿ ಬಿತ್ತು. ಇಷ್ಟಾದ್ಮೇಲೆ ಬೇರೆ ಯಾರಾದ್ರೂ ಆಗಿದ್ರೆ ಇರೋದ್ರಲ್ಲಿ ಹೇಗೋ ಕಾಲ ತಳ್ಳೋಣ ಅಂತಿದ್ರೇನೋ, ಈ ತಾಯಿ ಹಾಗೆ ಮಾಡಲಿಲ್ಲ. ಕೊನೇ ಮಗನಿಗೆ ಓದು ಹತ್ತುತ್ತೆ ಅಂತ ಆಕೆಗೆ ಗೊತ್ತಿತ್ತು. 1849ರಲ್ಲಿ ಅವನನ್ನೂ ಮಗಳು ಲೀಸಾಳನ್ನೂ ಕರ್ಕೊಂಡು ಸೈಬೀರಿಯಾದಿಂದ ಹೊರಟಳು, ಆ ಕಡೆಗೆ ಆಗಿನ್ನೂ ರೈಲಿಲ್ಲ, ಎರಡು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ ಅದು, ಎಲ್ಲಾ ಕುದುರೆಗಾಡಿಯ ಪ್ರಯಾಣ, ಮಾಸ್ಕೋಗೆ ಬಂದ್ರೆ ಅಲ್ಲಿನ ಯೂನಿವರ್ಸಿಟಿಯಲ್ಲಿ ಸೀಟಿಲ್ಲ ಅಂದ್ರು, ಯಾಕಂದ್ರೆ ತೊಬೋಲ್ಸ್ಕ್ ಹುಡುಗರು ಕಜಾನ್ ಯೂನಿವರ್ಸಿಟಿಯ ವ್ಯಾಪ್ತಿಗೆ ಬರ್ತಾರೆ, ಅಲ್ಲಿಗೇ ಹೋಗಬೇಕು ಅನ್ನೋ ನಿಯಮ. ಆಕೆ ಕಜಾನಿಗೆ ವಾಪಸ್ ಹೋಗಲಿಲ್ಲ, ಇನ್ನೂ ಮುಂದಕ್ಕೆ ಪೀಟರ್ಸ್‌ಬರ್ಗಿಗೆ ಹೋದಳು. ಅಲ್ಲಿ ಗಂಡನೇ ಒಂದು ಕಾಲದಲ್ಲಿ ಓದಿದ್ದ, ಶಿಕ್ಷಕರ ತರಬೇತಿಯ ಮುಖ್ಯ ಸಂಸ್ಥೆ ಇತ್ತು, ಹಳೇ ಪರಿಚಯ ಕೆಲಸಕ್ಕೆ ಬಂತು, 1850ರಲ್ಲಿ ಸರ್ಕಾರದ ಖರ್ಚಿನಲ್ಲೇ ಸೀಟು ಸಿಕ್ತು. ಅದಾಗಿ ಕೆಲವೇ ವಾರ, ಆಕೆ ಹೋಗಿಬಿಟ್ಟಳು. ಸೀಟು ಸಿಕ್ಕಿದ್ದನ್ನ ನೋಡೋಕೇ ಉಸಿರು ಹಿಡ್ಕೊಂಡಿದ್ದಳೇನೋ ಅನ್ಸುತ್ತೆ ನನಗೆ. ಅಕ್ಕ ಲೀಸಾನೂ ಹೆಚ್ಚು ವರ್ಷ ಉಳೀಲಿಲ್ಲ. ಮುಂದೆ ದೊಡ್ಡವರಾಗಿ ದ್ರಾವಣಗಳ ಬಗ್ಗೆ ಬರೆದ ಒಂದು ದೊಡ್ಡ ಗ್ರಂಥವನ್ನ ಅವರು ಅಮ್ಮನ ನೆನಪಿಗೇ ಅರ್ಪಿಸಿದರು.

ಇಲ್ಲಿ ಒಂದು ಮಾತು ಗಮನಿಸಿ. ಆ ಹುಡುಗ ಸೇರಿದ್ದು ವಿಜ್ಞಾನಿಗಳನ್ನ ತಯಾರು ಮಾಡೋ ಜಾಗಕ್ಕಲ್ಲ, ಮೇಷ್ಟ್ರುಗಳನ್ನ ತಯಾರು ಮಾಡೋ ಜಾಗಕ್ಕೆ. ನಮ್ಮ ಬಿಎಡ್ ಕಾಲೇಜಿನ ಥರ ಅಂದ್ಕೊಳ್ಳಿ, ಆದ್ರೆ ಪಾಠ ಮಾಡ್ತಿದ್ದವರು ಯೂನಿವರ್ಸಿಟಿಯ ಪ್ರೊಫೆಸರುಗಳು, ಕೆಮಿಸ್ಟ್ರಿಗೆ ವೊಸ್ಕ್ರೆಸೆನ್ಸ್ಕಿ ಅನ್ನೋ ಒಳ್ಳೆ ಮೇಷ್ಟ್ರು ಸಿಕ್ಕರು. 1855ರಲ್ಲಿ ಚಿನ್ನದ ಪದಕ ತಗೊಂಡು ಹೊರಗೆ ಬಂದಾಗ ಇವರಿಗೆ ಆರೋಗ್ಯ ನೆಟ್ಟಗಿರಲಿಲ್ಲ, ಕ್ಷಯ ಅಂತ ಡಾಕ್ಟರು ಹೇಳಿದ್ರು, ಹೆಚ್ಚು ದಿನ ಇಲ್ಲ ಅನ್ನೋ ಥರ. ಬೆಚ್ಚಗಿನ ಊರಿರಲಿ ಅಂತ ದಕ್ಷಿಣಕ್ಕೆ, ಸಿಮ್ಫೆರೊಪೊಲ್‌ಗೆ ಸ್ಕೂಲ್ ಮೇಷ್ಟ್ರಾಗಿ ಕಳಿಸಿದ್ರು. ಆಗ ಕ್ರಿಮಿಯಾ ಯುದ್ಧ ನಡೀತಿತ್ತು, ಸ್ಕೂಲು ಮುಚ್ಚಿತ್ತು. ಯುದ್ಧದ ಗಾಯಾಳುಗಳನ್ನ ನೋಡ್ತಿದ್ದ ಹೆಸರಾಂತ ಸರ್ಜನ್ ಪಿರೊಗೋವ್ ಅಲ್ಲಿ ಸಿಕ್ಕಿ ಇವರನ್ನ ಪರೀಕ್ಷೆ ಮಾಡಿ ನಿನಗೇನೂ ಆಗಿಲ್ಲ, ನೀನು ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬದುಕ್ತೀಯ ಅನ್ನೋ ಅರ್ಥದಲ್ಲಿ ಧೈರ್ಯ ಹೇಳಿದ್ರಂತೆ. ಸ್ವಲ್ಪ ಕಾಲ ಒಡೆಸ್ಸಾದಲ್ಲಿ ಪಾಠ ಮಾಡಿ, 1856ರಲ್ಲಿ ಪೀಟರ್ಸ್‌ಬರ್ಗಿಗೆ ವಾಪಸ್ ಬಂದ್ರು.

ಮುಂದಿನ ಘಟ್ಟ ಜರ್ಮನಿ. 1859ರಿಂದ 61ರ ತನಕ ಹೈಡಲ್‌ಬರ್ಗಿನಲ್ಲಿ ಇದ್ದರು, ಅಲ್ಲಿನ ಹೆಸರಾಂತ ಕೆಮಿಸ್ಟ್ ಬುನ್ಸೆನ್ ಲ್ಯಾಬು ಹಿಡಿಸಲಿಲ್ಲ, ಬಾಡಿಗೆ ಮನೆಯಲ್ಲೇ ಸಣ್ಣ ಲ್ಯಾಬು ಮಾಡ್ಕೊಂಡ್ರು. ಅಲ್ಲಿನ ಪ್ರಯೋಗಗಳಿಗಿಂತ ನಮ್ಮ ಕತೆಗೆ ಮುಖ್ಯವಾದದ್ದು 1860ರ ಸೆಪ್ಟೆಂಬರಿನಲ್ಲಿ ಹತ್ತಿರದ ಕಾರ್ಲ್ಸ್‌ರೂಹೆಯಲ್ಲಿ ನಡೆದ ಮೂರು ದಿನದ ಸಮ್ಮೇಳನ. ಆಗಿನ ಪರಿಸ್ಥಿತಿ ಹೇಗಿತ್ತು ಅಂದ್ರೆ ಹೈಡ್ರೋಜನ್ ಪರಮಾಣುವಿನ ತೂಕ 1 ಅಂತ ಇಟ್ಕೊಂಡ್ರೆ ಆಕ್ಸಿಜನ್ ತೂಕ ಕೆಲವರಿಗೆ 8, ಕೆಲವರಿಗೆ 16. ಕಾರ್ಬನ್ 6 ಅಂತ ಒಬ್ರು, 12 ಅಂತ ಇನ್ನೊಬ್ರು. ಒಂದೇ ವಸ್ತುವಿಗೆ ಹತ್ತಾರು ಥರದ ಫಾರ್ಮುಲಾ ಬರೀತಿದ್ರು. ಇದನ್ನ ಸರಿ ಮಾಡೋಣ ಅಂತ ಯುರೋಪಿನ ಕೆಮಿಸ್ಟುಗಳೆಲ್ಲ ಸೇರಿದ್ರು, ಚರ್ಚೆ ಆಯ್ತು, ಒಮ್ಮತ ಆಗಲಿಲ್ಲ. ಹೊರಡೋ ಹೊತ್ತಿಗೆ ಇಟಲಿಯವರು ಒಂದು ಪುಟ್ಟ ಪುಸ್ತಕ ಹಂಚಿದ್ರು, ಕನ್ನಿಜಾರೊ ಅನ್ನೋರು ಬರೆದದ್ದು. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಒಂದೇ ಗಾತ್ರದ ಅನಿಲಗಳಲ್ಲಿ ಅಷ್ಟಷ್ಟೇ ಅಣುಗಳು ಇರುತ್ತೆ ಅಂತ ಅವೊಗಾಡ್ರೊ ಹೇಳಿದ್ದನ್ನ ನಂಬಿದ್ರೆ ಎಲ್ಲಾ ಧಾತುಗಳ ಪರಮಾಣು ತೂಕ ಹೇಗೆ ಒಂದೇ ಲೆಕ್ಕಕ್ಕೆ ಬರುತ್ತೆ ಅಂತ ಅದರಲ್ಲಿ ಬಿಡಿಸಿ ಹೇಳಿತ್ತು. ನನಗೆ ಖುಷಿ ಕೊಡೋ ವಿಷಯ ಏನು ಗೊತ್ತಾ, ಅದು ಸಂಶೋಧನಾ ಪ್ರಬಂಧ ಅಲ್ಲ, ಕನ್ನಿಜಾರೊ ತನ್ನ ವಿದ್ಯಾರ್ಥಿಗಳಿಗೆ ಮಾಡ್ತಿದ್ದ ಪಾಠದ ಸಾರಾಂಶ. ಅಂದ್ರೆ ಮೇಷ್ಟ್ರ ನೋಟ್ಸು. ಇಡೀ ಯುರೋಪಿನ ಜಗಳ ಬಗೆಹರಿಯೋಕೆ ದಾರಿ ಮಾಡಿದ್ದು ಆ ನೋಟ್ಸು.

1861ರ ಶುರುವಲ್ಲಿ ವಾಪಸ್ ಬಂದ್ರೆ ಕೈಯಲ್ಲಿ ಕೆಲಸ ಇಲ್ಲ. ಶೈಕ್ಷಣಿಕ ವರ್ಷದ ಮಧ್ಯ, ಸಾಲ ಬೇರೆ. ಆಗ ಮಾಡಿದ ಕೆಲಸ ಒಂದು ಪಠ್ಯಪುಸ್ತಕ ಬರೆದದ್ದು. ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಹೊಸ ಕಾಲದ ರಷ್ಯನ್ ಪುಸ್ತಕ ಇರಲಿಲ್ಲ, ಕೆಲವೇ ತಿಂಗಳಲ್ಲಿ ಕೂತು ಸುಮಾರು ಐನೂರು ಪುಟ ಬರೆದು ಮುಗಿಸಿದ್ರು. ಮರುವರ್ಷ ಆ ಪುಸ್ತಕಕ್ಕೆ ದೆಮಿದೋವ್ ಬಹುಮಾನ ಬಂತು, ಆಗಿನ ರಷ್ಯಾದಲ್ಲಿ ದೊಡ್ಡ ಗೌರವ ಅದು. ಇನ್ನೂ ಮೂವತ್ತು ತುಂಬದ ಹುಡುಗ, ಹೊಟ್ಟೆಪಾಡಿಗೆ ಬರೆದ ಪುಸ್ತಕ, ಆದ್ರೂ ಒಂದು ವಿಷಯವನ್ನ ಪೂರ್ತಿ ಕೈಗೆ ತಗೊಂಡು ಮೊದಲಿಂದ ಕೊನೆ ತನಕ ಜೋಡಿಸೋದು ಹೇಗೆ ಅನ್ನೋ ಅಭ್ಯಾಸ ಅಲ್ಲೇ ಆಯ್ತು.

1864ರಲ್ಲಿ ಟೆಕ್ನಾಲಜಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಪ್ರೊಫೆಸರು, 1865ರಲ್ಲಿ ಡಾಕ್ಟರೇಟು. ಆ ಪ್ರಬಂಧ ಆಲ್ಕೊಹಾಲು ಮತ್ತು ನೀರಿನ ಬಗ್ಗೆ ಇದ್ದಿದ್ದಕ್ಕೆ ವೋಡ್ಕಾಗೆ 40 ಪರ್ಸೆಂಟ್ ಅಂತ ಫಿಕ್ಸ್ ಮಾಡಿದ್ದೇ ಮೆಂಡಲೀವ್ ಅಂತ ಒಂದು ಕತೆ ವಾಟ್ಸಾಪಿನಲ್ಲಿ ಓಡಾಡ್ತಿರುತ್ತೆ, ಅದನ್ನ ನಂಬಬೇಡಿ, ಆ ಅಳತೆ ಇವರು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ ಕಾಲದಲ್ಲೇ ಸರ್ಕಾರದ ಲೆಕ್ಕದಲ್ಲಿ ಇತ್ತು. ಪ್ರಬಂಧದಲ್ಲಿ ಇದ್ದಿದ್ದು ಎರಡು ದ್ರವ ಬೆರೆಸಿದಾಗ ಒಟ್ಟು ಗಾತ್ರ ಯಾಕೆ ಕುಗ್ಗುತ್ತೆ, ಯಾವ ಪ್ರಮಾಣದಲ್ಲಿ ಹೆಚ್ಚು ಕುಗ್ಗುತ್ತೆ ಅನ್ನೋ ಲೆಕ್ಕ.

ಈಗ ಮುಖ್ಯ ಜಾಗಕ್ಕೆ ಬಂದ್ವಿ. 1867ರಲ್ಲಿ ಪೀಟರ್ಸ್‌ಬರ್ಗ್ ಯೂನಿವರ್ಸಿಟಿಯಲ್ಲಿ ಜನರಲ್ ಕೆಮಿಸ್ಟ್ರಿ ಪ್ರೊಫೆಸರ್ ಆದರು. ಪಾಠ ಶುರು ಮಾಡಿದ್ರೆ ಹುಡುಗರ ಕೈಗೆ ಕೊಡೋಕೆ ರಷ್ಯನ್ ಭಾಷೆಯಲ್ಲಿ ತಕ್ಕ ಪುಸ್ತಕ ಇಲ್ಲ. ಇರೋವು ಹಳೇವು, ಹೊಸ ಪರಮಾಣು ತೂಕಗಳು ಅವುಗಳಲ್ಲಿ ಇಲ್ಲ. ಸರಿ, ನಾನೇ ಬರೀತೀನಿ ಅಂತ 1868ರಲ್ಲಿ ಕೂತರು. ಪುಸ್ತಕದ ಹೆಸರು ಓಸ್ನೊವಿ ಖಿಮಿಯಿ, ಕನ್ನಡದಲ್ಲಿ ಹೇಳೋದಾದ್ರೆ ರಸಾಯನಶಾಸ್ತ್ರದ ತಳಹದಿಗಳು.

ತಾಯ್ನುಡಿಯಲ್ಲಿ ವಿಜ್ಞಾನದ ಪುಸ್ತಕ ಬರೆಯೋ ಕಷ್ಟ ಏನು ಅಂತ ಇಲ್ಲಿ ಕೂತಿರೋ ಕೆಲವರಿಗಾದ್ರೂ ಗೊತ್ತು. ಅದನ್ನ ಬದಿಗಿಟ್ರೂ ಇನ್ನೊಂದು ಕಷ್ಟ ಇತ್ತು. ಆಗ ಗೊತ್ತಿದ್ದ ಧಾತುಗಳು 63. ಒಂದೊಂದರದ್ದೂ ಒಂದೊಂದು ಗುಣ, ಒಂದೊಂದು ಬಣ್ಣ, ನೂರಾರು ಸಂಯುಕ್ತಗಳು. ಇವನ್ನ ಯಾವ ಕ್ರಮದಲ್ಲಿ ಹೇಳೋದು? ಲೋಹ, ಅಲೋಹ ಅಂತ ಎರಡು ಗುಂಪು ಮಾಡಬಹುದು, ಆದ್ರೆ ಗುಂಪಿನ ಒಳಗೆ ಏನು ಕ್ರಮ? ವೇಲೆನ್ಸಿ, ಅಂದ್ರೆ ಒಂದು ಪರಮಾಣು ಬೇರೆ ಎಷ್ಟು ಪರಮಾಣು ಜೊತೆ ಕೂಡುತ್ತೆ ಅನ್ನೋ ಲೆಕ್ಕ ಹಿಡ್ಕೊಂಡು ಹೋದ್ರೆ ಒಂದೇ ಧಾತು ಎರಡು ಮೂರು ಕಡೆ ಬರುತ್ತೆ. ಪಾಠ ಮಾಡಿದವರಿಗೆ ಈ ಸಂಕಟ ಗೊತ್ತು, ವಿಷಯ ಎಲ್ಲಾ ತಲೆಯಲ್ಲಿರುತ್ತೆ, ಯಾವುದನ್ನ ಮೊದಲು ಹೇಳಿದ್ರೆ ಯಾವುದು ಅರ್ಥ ಆಗುತ್ತೆ ಅನ್ನೋದು ಮಾತ್ರ ಹೊಳೆಯಲ್ಲ.

ಮೊದಲನೇ ಸಂಪುಟವನ್ನ ಮೆಂಡಲೀವ್ ಎಲ್ಲರಿಗೂ ಗೊತ್ತಿರೋ ವಸ್ತುಗಳಿಂದ ಶುರು ಮಾಡಿದ್ರು. ನೀರು. ನೀರನ್ನ ಒಡೆದ್ರೆ ಹೈಡ್ರೋಜನ್, ಆಕ್ಸಿಜನ್. ಆಮೇಲೆ ಗಾಳಿ, ಅದರಿಂದ ನೈಟ್ರೋಜನ್. ಉರಿಯೋ ವಸ್ತುಗಳಿಂದ ಕಾರ್ಬನ್. ಆಮೇಲೆ ಅಡುಗೆ ಉಪ್ಪು, ಉಪ್ಪಿನಿಂದ ಕ್ಲೋರಿನ್, ಕ್ಲೋರಿನ್ ಜೊತೆಗೆ ಅದರ ಅಣ್ಣ ತಮ್ಮಂದಿರು ಫ್ಲೋರಿನ್, ಬ್ರೋಮಿನ್, ಅಯೋಡಿನ್. ಎಷ್ಟು ಚೆಂದದ ದಾರಿ ನೋಡಿ, ಹುಡುಗರಿಗೆ ಕಣ್ಣಿಗೆ ಕಾಣೋ ವಸ್ತು ಮೊದಲು, ಅದರೊಳಗಿನ ಧಾತು ಆಮೇಲೆ. ಆದ್ರೆ ಸಂಪುಟ ಮುಗಿದಾಗ ಲೆಕ್ಕ ಹಾಕಿದ್ರೆ ಸರಿಯಾಗಿ ವಿವರಿಸಿದ್ದು 8 ಧಾತುಗಳನ್ನ ಮಾತ್ರ. ಉಳಿದವು 55. ಬರೀಬೇಕಾಗಿದ್ದು ಇನ್ನೊಂದೇ ಸಂಪುಟ. ಇದೇ ನಡಿಗೆಯಲ್ಲಿ ಹೋದ್ರೆ ಮುಗಿಯೋ ಮಾತೇ ಅಲ್ಲ.

ಎರಡನೇ ಸಂಪುಟಕ್ಕೆ ಉಪ್ಪಿನ ಇನ್ನೊಂದು ಅರ್ಧ ಹಿಡ್ಕೊಂಡ್ರು, ಸೋಡಿಯಮ್, ಅದರ ಕುಟುಂಬ, ಪೊಟ್ಯಾಸಿಯಮ್, ರುಬಿಡಿಯಮ್, ಸೀಸಿಯಮ್. 1869ರ ಶುರುವಿಗೆ ಈ ಅಧ್ಯಾಯ ಆಯ್ತು. ಮುಂದಿನದು ಯಾವುದು? ಇಲ್ಲೇ ನಿಂತ್ರು ಮೇಷ್ಟ್ರು.

ಅವರಿಗೆ ಏನು ಕಂಡಿರಬಹುದು ಅಂತ ನಿಮಗೆ ತೋರಿಸೋಕೆ ಇಲ್ಲಿ ಟೇಬಲ್ ಮೇಲೆ ಹದಿನಾರು ರಟ್ಟಿನ ಚೀಟಿ ಜೋಡಿಸ್ತೀನಿ, ಮುಂದಿನ ಸಾಲಿನವರು ಬೇಕಾದ್ರೆ ಎದ್ದು ಬಂದು ನೋಡಿ. ತೂಕಗಳು ಆಗಿನ ಕಾಲದವು. ಮೊದಲು ಹ್ಯಾಲೊಜನ್ ಸಾಲು, ಫ್ಲೋರಿನ್ 19, ಕ್ಲೋರಿನ್ 35.5, ಬ್ರೋಮಿನ್ 80, ಅಯೋಡಿನ್ 127. ಅದರ ಕೆಳಗೆ ಸೋಡಿಯಮ್ ಸಾಲು, ಅಂದ್ರೆ ಕ್ಷಾರ ಲೋಹಗಳು, 23, 39, 85.4, 133. ಗುಣದಲ್ಲಿ ಇವೆರಡು ಕುಟುಂಬ ಎಣ್ಣೆ ಸೀಗೆಕಾಯಿ, ಒಂದು ಉಗ್ರ ಅಲೋಹ, ಒಂದು ಉಗ್ರ ಲೋಹ, ಪಕ್ಕಪಕ್ಕ ಇಡೋಕೆ ಯಾರಿಗೂ ಮನಸ್ಸು ಬರಲ್ಲ. ಆದ್ರೆ ಕಳೆದು ನೋಡಿ. 23ರಲ್ಲಿ 19 ಹೋದ್ರೆ 4. 39ರಲ್ಲಿ 35.5 ಹೋದ್ರೆ ಮೂರೂವರೆ. ಮುಂದೆ ಐದು ಚಿಲ್ಲರೆ, ಆಮೇಲೆ 6. ನಾಲ್ಕೂ ಕಡೆ ಸಣ್ಣ ಅಂತರ, ನಾಲ್ಕೂ ಕಡೆ ಹ್ಯಾಲೊಜನ್ ಆದ್ಮೇಲೇ ಕ್ಷಾರ ಲೋಹ. ಇನ್ನೊಂದು ಸಾಲು ಕೆಳಗೆ, ಮೆಗ್ನೀಸಿಯಮ್ 24, ಕ್ಯಾಲ್ಸಿಯಮ್ 40, ಸ್ಟ್ರಾನ್ಷಿಯಮ್ 87.6, ಬೇರಿಯಮ್ 137. ಮತ್ತೆ ಕಳೆಯಿರಿ, 1, 1, ಎರಡು ಚಿಲ್ಲರೆ, 4. ಮತ್ತೆ ಅದೇ! ಈಗ ಕ್ಯಾಲ್ಸಿಯಮ್ ಚೀಟಿ ತೆಗೆದು ಹಳೇ ಲೆಕ್ಕದ 20 ಅಂತ ಬರೆದು ಇಡ್ತೀನಿ, ನೋಡಿ, ಪೊಟ್ಯಾಸಿಯಮ್ ಪಕ್ಕ ಅದು ನಿಲ್ಲೋದೇ ಇಲ್ಲ, ಎಲ್ಲಿಗೋ ಹಾರಿ ಹೋಗುತ್ತೆ. ಕಾರ್ಲ್ಸ್‌ರೂಹೆಯಲ್ಲಿ ಹಂಚಿದ ಆ ನೋಟ್ಸು ಇಲ್ಲದಿದ್ರೆ ಈ ಸಾಲು ಯಾರ ಕಣ್ಣಿಗೂ ಬೀಳ್ತಿರಲಿಲ್ಲ.

ಇನ್ನು ನಾಲ್ಕು ಚೀಟಿ ಉಳಿದಿದೆ, ಆಕ್ಸಿಜನ್ ಕುಟುಂಬ, ಹ್ಯಾಲೊಜನ್ ಮೇಲೆ ಇಡ್ತೀನಿ. ಆಕ್ಸಿಜನ್ 16, ಗಂಧಕ 32, ಸೆಲೆನಿಯಮ್ 79.4, ಟೆಲುರಿಯಮ್ 128. ಮೊದಲ ಮೂರು ಸರಿಯಾಗಿ ಕೂತವು. ಕೊನೇದು ನೋಡಿ, ಟೆಲುರಿಯಮ್ 128, ಅಯೋಡಿನ್ 127. ಉಲ್ಟಾ! ತೂಕ ನೋಡಿದ್ರೆ ಜಾಗ ಅದಲು ಬದಲು ಮಾಡಬೇಕು, ಗುಣ ನೋಡಿದ್ರೆ ಹೀಗೇ ಇರಬೇಕು. ಮೇಷ್ಟ್ರು ಗುಣದ ಕಡೆ ನಿಂತರು, 128ರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಈ ಟೆಲುರಿಯಮ್ ವಿಷಯಕ್ಕೆ ಆಮೇಲೆ ಬರ್ತೀನಿ.

ಆ ದಿನ 1869ರ ಫೆಬ್ರವರಿ 17, ರಷ್ಯಾದ ಹಳೇ ಕ್ಯಾಲೆಂಡರ್ ಪ್ರಕಾರ. ನಮ್ಮ ಕ್ಯಾಲೆಂಡರಿನಲ್ಲಿ ಮಾರ್ಚ್ 1. ಅವತ್ತು ಇವರು ಊರಲ್ಲಿ ಇರಬೇಕಾದವರೇ ಅಲ್ಲ, ತ್ವೇರ್ ಪ್ರಾಂತ್ಯದಲ್ಲಿ ರೈತರ ಸಹಕಾರಿ ಚೀಸ್ ಡೈರಿಗಳನ್ನ ನೋಡಿ ವರದಿ ಕೊಡೋಕೆ ಹೊರಡಬೇಕಿತ್ತು. ಆ ಪ್ರವಾಸದ ಬಗ್ಗೆ ಫ್ರೀ ಎಕನಾಮಿಕ್ ಸೊಸೈಟಿಯ ಕಾರ್ಯದರ್ಶಿ ಖೊದ್ನೆವ್ ಕಳಿಸಿದ್ದ ಕಾಗದ ಕೈಯಲ್ಲಿತ್ತು, ಅದರ ಹಿಂಭಾಗದಲ್ಲೇ ಧಾತುಗಳ ಹೆಸರು ಬರೆದು ಒಂದರ ತೂಕದಲ್ಲಿ ಇನ್ನೊಂದನ್ನ ಕಳೆಯೋ ಲೆಕ್ಕ ಶುರು ಮಾಡಿದ್ದಾರೆ. ಆ ಕಾಗದ ಇವತ್ತಿಗೂ ಇದೆ. ಚೀಸ್ ಫ್ಯಾಕ್ಟರಿ ಕಾಗದದ ಬೆನ್ನ ಮೇಲೆ ಸೋಡಿಯಮ್, ಪೊಟ್ಯಾಸಿಯಮ್! ಅವಸರದಲ್ಲಿ ಸಿಕ್ಕಿದ ಕಾಗದದ ಮೇಲೆ ಬರೆಯೋ ಮೇಷ್ಟ್ರುಗಳೆಲ್ಲ ಇದನ್ನ ಕೇಳಿ ಸಂತೋಷ ಪಡಬಹುದು.

ಕನಸಲ್ಲಿ ಕೋಷ್ಟಕ ಕಂಡಿತು ಅನ್ನೋ ಕತೆ ನೀವು ಕೇಳಿರ್ತೀರಿ. ಅದು ಅವರ ಸ್ನೇಹಿತರೊಬ್ಬರು ಎಷ್ಟೋ ವರ್ಷ ಆದ್ಮೇಲೆ ಹೇಳಿದ್ದು. ಅದೇ ಪ್ರಶ್ನೆಯನ್ನ ಪತ್ರಿಕೆಯವರು ಕೇಳಿದಾಗ ಮೆಂಡಲೀವ್ ರೇಗಿದ್ರಂತೆ, ನಾನು ಇದರ ಬಗ್ಗೆ ಇಪ್ಪತ್ತು ವರ್ಷ ಯೋಚನೆ ಮಾಡಿರಬಹುದು, ನಿಮಗೆ ಸುಮ್ನೆ ಕೂತಿದ್ದಾಗ ಹೊಳೀತು ಅನ್ಸುತ್ತಾ ಅಂತ. ಕನಸಿನ ಕತೆ ಹೇಳೋದು ಸುಲಭ, ಮಕ್ಕಳು ಖುಷಿ ಪಡ್ತಾರೆ. ಆದ್ರೆ ಅದನ್ನ ಹೇಳಿದಾಗ ನಾವು ಆ ಬರೆದ ಎಂಟು ಧಾತು, ಉಳಿದ ಐವತ್ತೈದು, ಕಳೆಯೋ ಲೆಕ್ಕ ಎಲ್ಲಾ ಮುಚ್ಚಿಟ್ಟ ಹಾಗಾಗುತ್ತೆ, ಅದು ನನಗೆ ತುಂಬಾ ಬೇಜಾರು.

ಅದೇ ದಿನದ ತಾರೀಖು ಹಾಕಿ ಒಂದು ಪುಟದ ಕೋಷ್ಟಕ ಪ್ರಿಂಟಿಗೆ ಕೊಟ್ರು, ರಷ್ಯನ್ ಶೀರ್ಷಿಕೆಯಲ್ಲಿ 150 ಪ್ರತಿ, ಫ್ರೆಂಚ್ ಶೀರ್ಷಿಕೆಯಲ್ಲಿ 50. ಧಾತುಗಳ ವ್ಯವಸ್ಥೆಗೆ ಒಂದು ಪ್ರಯತ್ನ, ಅಂತ ಹೆಸರು. ಪ್ರಯತ್ನ ಅನ್ನೋ ಪದ ನೋಡಿ. ಅದರಲ್ಲಿ ನಾಲ್ಕು ಕಡೆ ಧಾತುವಿನ ಹೆಸರೇ ಇಲ್ಲ, ಬರೀ ಪ್ರಶ್ನಾರ್ಥಕ ಚಿಹ್ನೆ ಮತ್ತು ತೂಕ, 45, 68, 70, 180. ಪಠ್ಯಪುಸ್ತಕ ಬರೆಯೋರು ಸಾಮಾನ್ಯವಾಗಿ ಗೊತ್ತಿರೋದನ್ನ ಬರೀತಾರೆ, ಇವರು ಜಾಗ ಬಿಟ್ರು. ಮಾರ್ಚ್ 6ರಂದು, ಹಳೇ ಕ್ಯಾಲೆಂಡರಿನಲ್ಲಿ, ರಷ್ಯನ್ ಕೆಮಿಕಲ್ ಸೊಸೈಟಿಯಲ್ಲಿ ಇದನ್ನ ಓದಿದ್ದು ಅವರ ಸಹೋದ್ಯೋಗಿ ಮೆನ್ಶುಟ್ಕಿನ್, ಮೆಂಡಲೀವ್ ಚೀಸ್ ಡೈರಿ ನೋಡೋಕೆ ಹೋಗಿದ್ರು.

ಇವರೊಬ್ರಿಗೇ ಹೊಳೀತು ಅಂತ ಹೇಳಿದ್ರೆ ಅನ್ಯಾಯ ಆಗುತ್ತೆ. ಇಂಗ್ಲೆಂಡಿನಲ್ಲಿ ನ್ಯೂಲ್ಯಾಂಡ್ಸ್ 1865ರಲ್ಲೇ ಪ್ರತಿ ಎಂಟನೇ ಧಾತು ಮೊದಲನೇದನ್ನ ಹೋಲುತ್ತೆ, ಸಂಗೀತದ ಸ್ವರಗಳ ಥರ ಅಂದ್ರು, ಮರುವರ್ಷ ಸಭೆಯಲ್ಲಿ ಒಬ್ಬರು ಅಕ್ಷರಮಾಲೆ ಕ್ರಮದಲ್ಲಿ ಜೋಡಿಸಿ ನೋಡಿದ್ರಾ ಅಂತ ಕೇಳಿ ಅವಮಾನ ಮಾಡಿದ್ರು, ಅದು ಓದಿದಾಗ ಈಗಲೂ ಹೊಟ್ಟೆ ಉರಿಯುತ್ತೆ. ಜರ್ಮನಿಯಲ್ಲಿ ಲೋಥರ್ ಮೇಯರ್ 1864ರಲ್ಲಿ 28 ಧಾತುಗಳ ಒಂದು ಪಟ್ಟಿ ಮಾಡಿದ್ರು. ಎಲ್ಲಿ? ತಾವು ಬರೆದ ಕೆಮಿಸ್ಟ್ರಿ ಪುಸ್ತಕದಲ್ಲಿ! ಅವರೂ ಕಾರ್ಲ್ಸ್‌ರೂಹೆಗೆ ಹೋಗಿದ್ದವರೇ, ಅದೇ ನೋಟ್ಸು ಓದಿದವರೇ. 1882ರಲ್ಲಿ ರಾಯಲ್ ಸೊಸೈಟಿ ಡೇವಿ ಪದಕ ಕೊಟ್ಟಾಗ ಇಬ್ಬರಿಗೂ ಸೇರಿಸಿ ಕೊಡ್ತು, 1887ರಲ್ಲಿ ನ್ಯೂಲ್ಯಾಂಡ್ಸ್‌ಗೂ ಕೊಡ್ತು. ಸಾಧಾರಣವಾಗಿ ಹೇಳೋ ವ್ಯತ್ಯಾಸ ಏನಂದ್ರೆ, ಇವರಲ್ಲಿ ಖಾಲಿ ಜಾಗದ ಮೇಲೆ ಧೈರ್ಯವಾಗಿ ಪಣ ಕಟ್ಟಿದವರು ಮೆಂಡಲೀವ್.

ಪಣ ಅಂದ್ರೆ ಹೇಗೆ? ಆಮೇಲಿನ ಎರಡು ವರ್ಷ ಆ ಒಂದು ಪುಟವನ್ನ ತಿದ್ದಿದ್ರು. ಯುರೇನಿಯಮ್ ತೂಕ 120 ಅಂತ ಬರೀತಿದ್ರು, ಆ ಜಾಗಕ್ಕೆ ಅದು ಸೇರಲ್ಲ, 240 ಇರಬೇಕು ಅಂದ್ರು. ಇಂಡಿಯಮ್ ತೂಕ 75.6 ಇದ್ದದ್ದನ್ನ 113 ಅಂದ್ರು. ಎರಡೂ ಹೆಚ್ಚು ಕಮ್ಮಿ ಸರಿ. 1871ರಲ್ಲಿ ಮೂರು ಕಾಣದ ಧಾತುಗಳಿಗೆ ಹೆಸರಿಟ್ಟರು, ಏಕ-ಬೋರಾನ್, ಏಕ-ಅಲ್ಯೂಮಿನಿಯಮ್, ಏಕ-ಸಿಲಿಕಾನ್. ಏಕ, ನಮ್ಮದೇ ಏಕ! ಸಂಸ್ಕೃತದ ಏಕ, ದ್ವಿ, ತ್ರಿ ತಗೊಂಡು, ಬೋರಾನಿನಿಂದ ಒಂದು ಮನೆ ಆಚೆ ಇರೋದು ಏಕ-ಬೋರಾನ್ ಅಂತ. ಅದಕ್ಕೆ ಕೆಲವು ವರ್ಷ ಮುಂಚಿನ ತನಕ ಪೀಟರ್ಸ್‌ಬರ್ಗಿನಲ್ಲಿ ಬ್ಯೋಟ್‌ಲಿಂಗ್ ಅನ್ನೋ ದೊಡ್ಡ ಸಂಸ್ಕೃತ ವಿದ್ವಾಂಸರು ಇದ್ರು, ಪಾಣಿನಿಯ ವ್ಯಾಕರಣವನ್ನ ಯುರೋಪಿನಲ್ಲಿ ಪ್ರಕಟ ಮಾಡಿದವರು, ಅವರ ಪ್ರಭಾವ ಇರಬಹುದು ಅಂತ ಭಾಷಾಶಾಸ್ತ್ರದ ಕೆಲವರು ಊಹೆ ಮಾಡ್ತಾರೆ. ಊಹೆ ಅಷ್ಟೇ, ಪಾಣಿನಿ ನೋಡಿ ಆವರ್ತಕ ಕೋಷ್ಟಕ ಮಾಡಿದ್ರು ಅಂತ ಯಾರಾದ್ರೂ ಫಾರ್ವರ್ಡ್ ಕಳಿಸಿದ್ರೆ ಒಪ್ಪಬೇಡಿ. ಆದ್ರೂ ಆ ಪದ ಅಲ್ಲಿ ಇದೆಯಲ್ಲ, ಅದನ್ನ ಓದೋಕೆ ನಮಗೆ ಡಿಕ್ಷನರಿ ಬೇಕಾಗಲ್ಲ ಅನ್ನೋದೇ ಒಂದು ಸಂತೋಷ.

ನಾಲ್ಕು ವರ್ಷ ಏನೂ ಆಗಲಿಲ್ಲ. 1875ರಲ್ಲಿ ಫ್ರಾನ್ಸಿನ ಲಕಾಕ್ ದ ಬ್ವಾಬೊದ್ರಾನ್ ಸತುವಿನ ಅದಿರಿನಲ್ಲಿ ಹೊಸ ಧಾತು ಕಂಡುಹಿಡಿದ್ರು, ಗ್ಯಾಲಿಯಮ್. ಮೆಂಡಲೀವ್ ಓದಿ ಇದು ನನ್ನ ಏಕ-ಅಲ್ಯೂಮಿನಿಯಮ್ ಅಂದ್ರು, ಅಷ್ಟೇ ಅಲ್ಲ, ನೀವು ಅಳೆದಿರೋ ಸಾಂದ್ರತೆ 4.7 ತಪ್ಪು, ಅದು 5.9ರ ಹತ್ತಿರ ಇರಬೇಕು ಅಂದ್ರು. ಲೋಹ ಕೈಯಲ್ಲಿ ಹಿಡಿದಿರೋರು ಫ್ರಾನ್ಸಿನವರು, ಕಣ್ಣಲ್ಲೂ ನೋಡದವರು ಪೀಟರ್ಸ್‌ಬರ್ಗಿನಲ್ಲಿ ಕೂತು ನಿಮ್ಮ ಅಳತೆ ಸರಿ ಇಲ್ಲ ಅಂತಿದ್ದಾರೆ! ಅವರು ಮತ್ತೆ ಶುದ್ಧ ಮಾಡಿ ಅಳೆದ್ರು. 5.9 ಬಂತು. ಗ್ಯಾಲಿಯಮ್ ಸುಮಾರು 30 ಡಿಗ್ರಿಗೆ ಕರಗುತ್ತೆ, ಅಂಗೈ ಮೇಲೆ ಇಟ್ಕೊಂಡ್ರೆ ಬೆಣ್ಣೆ ಥರ ಕರಗಿ ಹರಡುತ್ತೆ, ಈ ಲೋಹ ಸುಲಭವಾಗಿ ಕರಗುತ್ತೆ ಅನ್ನೋದನ್ನೂ ಅವರು ಮೊದಲೇ ಬರೆದಿದ್ರು. 1879ರಲ್ಲಿ ಸ್ವೀಡನ್ನಿನ ನಿಲ್ಸನ್‌ಗೆ ಸ್ಕ್ಯಾಂಡಿಯಮ್ ಸಿಕ್ತು, ಅದು ಏಕ-ಬೋರಾನ್. 1886ರಲ್ಲಿ ಜರ್ಮನಿಯ ವಿಂಕ್ಲರ್‌ಗೆ ಜರ್ಮೇನಿಯಮ್, ಅದು ಏಕ-ಸಿಲಿಕಾನ್, ತೂಕ 72 ಅಂದಿದ್ರು, 72 ಚಿಲ್ಲರೆ ಬಂತು, ಅದರ ಕ್ಲೋರೈಡು 100 ಡಿಗ್ರಿಗಿಂತ ಕಮ್ಮಿಯಲ್ಲಿ ಕುದಿಯುತ್ತೆ ಅಂದಿದ್ರು, 86ಕ್ಕೆ ಕುದೀತು.

ತಪ್ಪೂ ಮಾಡಿದ್ರು, ಅದನ್ನೂ ಹೇಳಬೇಕು. ಟೆಲುರಿಯಮ್ ತೂಕ ಅಳೆದವರು ತಪ್ಪಿದ್ದಾರೆ, ಅದು 125ರ ಸುತ್ತ ಇರಬೇಕು ಅಂತ ಹಟ ಹಿಡಿದ್ರು. ಅಳತೆ ತಪ್ಪಿರಲಿಲ್ಲ, ಇವತ್ತಿಗೂ ಅದು 127.6. ತಪ್ಪಿದ್ದು ತೂಕವೇ ಕ್ರಮ ಅನ್ನೋ ನಂಬಿಕೆ. 1913ರಲ್ಲಿ ಮೋಸ್ಲಿ ಅನ್ನೋ ಯುವಕ ಎಕ್ಸ್‌ರೇ ಅಳತೆ ಮಾಡಿ ಕ್ರಮ ನಿರ್ಧಾರ ಮಾಡೋದು ಪರಮಾಣು ಸಂಖ್ಯೆ, ಅಂದ್ರೆ ಪರಮಾಣುವಿನ ನಡುವೆ ಇರೋ ಪ್ರೋಟಾನುಗಳ ಎಣಿಕೆ, ಅಂತ ತೋರಿಸಿದ ಮೇಲೆ ಟೆಲುರಿಯಮ್ 52, ಅಯೋಡಿನ್ 53 ಅಂತ ಮನೆ ಸರಿಹೋಯ್ತು. ಅಂದ್ರೆ ಕಾರಣ ತಪ್ಪು, ಜಾಗ ಸರಿ. ಆರ್ಗಾನ್ ಅನ್ನೋ ಅನಿಲ ಸಿಕ್ಕಾಗ ಇದು ಮೂರು ಪರಮಾಣುವಿನ ನೈಟ್ರೋಜನ್ ಇರಬಹುದು ಅಂದ್ರು, ಆಮೇಲೆ ಒಪ್ಕೊಂಡು ತಮ್ಮ ಕೋಷ್ಟಕದಲ್ಲಿ ಇಂಥ ಅನಿಲಗಳಿಗೆ ಅಂತಲೇ ಶೂನ್ಯ ಗುಂಪು ಸೇರಿಸಿದ್ರು. ಎಲೆಕ್ಟ್ರಾನ್ ಮಾತ್ರ ಕೊನೇ ತನಕ ಅವರ ಮನಸ್ಸಿಗೆ ಇಳೀಲಿಲ್ಲ.

ಇಷ್ಟೆಲ್ಲಾ ಆಗೋ ಹೊತ್ತಿಗೆ ಪುಸ್ತಕ ಏನಾಯ್ತು? 1871ಕ್ಕೆ ಮುಗೀತು, ಆದ್ರೆ ಮೇಷ್ಟ್ರು ಅದನ್ನ ಬಿಡಲಿಲ್ಲ. ಅವರು ಬದುಕಿರುವಾಗಲೇ ಎಂಟು ಆವೃತ್ತಿ ಬಂತು. 1891ರಲ್ಲಿ ಇಂಗ್ಲಿಷಿಗೂ ಜರ್ಮನ್‌ಗೂ, ಆಮೇಲೆ ಫ್ರೆಂಚಿಗೂ ಹೋಯ್ತು. ಅದರ ಇಂಗ್ಲಿಷ್ ಅನುವಾದ ಹಳೇ ಪ್ರತಿ ಸ್ಕ್ಯಾನ್ ಆಗಿ ಸಿಗುತ್ತೆ, ದಯವಿಟ್ಟು ತೆಗೆದು ನೋಡಿ. ಪುಟದ ಮೇಲ್ಭಾಗದಲ್ಲಿ ದೊಡ್ಡಕ್ಷರದ ಪಾಠ, ಕೆಳಗೆ ಸಣ್ಣಕ್ಷರದಲ್ಲಿ ಅಡಿಟಿಪ್ಪಣಿ, ಕೆಲವು ಪುಟದಲ್ಲಿ ಮೇಲೆ ಎರಡು ಮೂರು ಸಾಲು ಮಾತ್ರ, ಉಳಿದದ್ದೆಲ್ಲ ಟಿಪ್ಪಣಿ. ಮೊದಲ ಸಲ ಓದೋ ಹುಡುಗ ಮೇಲಿನದಷ್ಟೇ ಓದಲಿ, ಆಸಕ್ತಿ ಹುಟ್ಟಿದ ಮೇಲೆ ಕೆಳಗಿನದಕ್ಕೆ ಇಳೀಲಿ ಅನ್ನೋ ಲೆಕ್ಕ. ಒಂದೇ ಪುಸ್ತಕದಲ್ಲಿ ಎರಡು ಪುಸ್ತಕ. ಹೊಸ ಸಂಶೋಧನೆ ಬಂದಾಗೆಲ್ಲ ಆ ಟಿಪ್ಪಣಿ ಬೆಳೀತಾ ಹೋಯ್ತು. ತನ್ನ ಅನುಮಾನಗಳನ್ನ, ಕೈಗಾರಿಕೆ ಬಗ್ಗೆ, ಮಣ್ಣಿನ ಬಗ್ಗೆ, ಪೆಟ್ರೋಲಿಯಂ ಬಗ್ಗೆ ಅನ್ಸಿದ್ದನ್ನೆಲ್ಲ ಅಲ್ಲೇ ಬರೆದಿದ್ದಾರೆ. ಪಠ್ಯಪುಸ್ತಕ ಅಂದ್ರೆ ಬರೆದವರ ಉಸಿರು ಕೇಳಿಸಬಾರದು ಅಂತ ನಮ್ಮಲ್ಲೊಂದು ಅಭ್ಯಾಸ ಇದೆ. ಇಲ್ಲಿ ಪುಟಪುಟದಲ್ಲೂ ಕೇಳಿಸುತ್ತೆ.

ಅವರ ಕ್ಲಾಸಿಗೆ ಬೇರೆ ವಿಭಾಗದ ಹುಡುಗರೂ ನುಗ್ಗಿ ಬರ್ತಿದ್ರಂತೆ. ಯೂನಿವರ್ಸಿಟಿಯಲ್ಲಿ ಹೆಣ್ಣುಮಕ್ಕಳಿಗೆ ಸೀಟಿಲ್ಲದ ಕಾಲದಲ್ಲಿ ಅವರಿಗಾಗಿ ನಡೀತಿದ್ದ ಉನ್ನತ ಕೋರ್ಸುಗಳಲ್ಲಿ ಹೋಗಿ ಪಾಠ ಮಾಡಿದ್ರು. 1887ರಲ್ಲಿ ಸೂರ್ಯಗ್ರಹಣ ನೋಡೋಕೆ ಬಲೂನು ಹತ್ತಿದ್ರು, ಮಳೆಗೆ ಒದ್ದೆಯಾಗಿ ಅದು ಇಬ್ಬರನ್ನ ಎತ್ತಲ್ಲ ಅಂತ ಗೊತ್ತಾದಾಗ ಹಾರಿಸೋಕೆ ಬರ್ತಿದ್ದವರನ್ನ ಇಳಿಸಿ ತಾವೊಬ್ಬರೇ ಹೋದ್ರು, ಅದಕ್ಕೆ ಮುಂಚೆ ಹಾರಿಸಿದ ಅನುಭವವೇ ಇಲ್ಲ! 1880ರಲ್ಲಿ ರಷ್ಯಾದ ವಿಜ್ಞಾನ ಅಕಾಡೆಮಿ ಇವರನ್ನ ಸದಸ್ಯರಾಗಿ ಆರಿಸಲಿಲ್ಲ, ದೇಶದ ತುಂಬಾ ಪತ್ರಿಕೆಗಳು ಕೂಗಾಡಿದ್ವು. 1890ರಲ್ಲಿ ವಿದ್ಯಾರ್ಥಿಗಳು ಗಲಾಟೆ ಎದ್ದು ತಮ್ಮ ಬೇಡಿಕೆಯ ಪತ್ರವನ್ನ ಮಂತ್ರಿಗೆ ತಲುಪಿಸಿ ಸಾರ್ ಅಂತ ಇವರ ಕೈಗೆ ಕೊಟ್ರು. ಇವರು ತಗೊಂಡು ಹೋಗಿ ಶಿಕ್ಷಣ ಮಂತ್ರಿ ದೆಲ್ಯಾನೊವ್‌ಗೆ ಕೊಟ್ರು, ಸರ್ಕಾರಿ ನೌಕರ ಇಂಥ ಪತ್ರ ತರೋ ಹಾಗಿಲ್ಲ ಅಂತ ಅದು ವಾಪಸ್ ಬಂತು. ಮೂವತ್ತು ವರ್ಷಕ್ಕೂ ಮೀರಿ ಪಾಠ ಮಾಡಿದವರು ರಾಜೀನಾಮೆ ಕೊಟ್ರು. ಮಾರ್ಚಿನಲ್ಲಿ ಕೊನೇ ಕ್ಲಾಸು ತಗೊಂಡಾಗ ಹುಡುಗರಿಗೆ ದಯವಿಟ್ಟು ಚಪ್ಪಾಳೆ ತಟ್ಟಬೇಡಿ ಅಂದ್ರಂತೆ.

ಆಮೇಲೆ ತೂಕ ಅಳತೆ ಕಚೇರಿಯ ಮುಖ್ಯಸ್ಥರಾದ್ರು, ಅಲ್ಲಿ ಹೆಂಗಸರನ್ನೂ ಕೆಲಸಕ್ಕೆ ತಗೊಂಡ್ರು, ಮೆಟ್ರಿಕ್ ಪದ್ಧತಿ ರಷ್ಯಾಕ್ಕೆ ಬರೋಕೆ ದಾರಿ ಮಾಡಿದ್ರು. 1906ರಲ್ಲಿ ನೊಬೆಲ್ ಸಮಿತಿ ಇವರ ಹೆಸರು ಶಿಫಾರಸು ಮಾಡ್ತು, ಸ್ವೀಡನ್ನಿನ ವಿಜ್ಞಾನ ಅಕಾಡೆಮಿ ಅದನ್ನ ಬದಲಾಯಿಸಿ ಫ್ಲೋರಿನ್ ಬೇರ್ಪಡಿಸಿದ ಮೊಯ್ಸಾನ್‌ಗೆ ಕೊಡ್ತು. 1907ರ ಫೆಬ್ರವರಿ 2ಕ್ಕೆ ತೀರಿಕೊಂಡ್ರು. 1955ರಲ್ಲಿ 101ನೇ ಧಾತುವಿಗೆ ಮೆಂಡಲೀವಿಯಮ್ ಅಂತ ಹೆಸರಿಟ್ರು, ಅದೂ ಅಮೆರಿಕದವರು, ಶೀತಲ ಸಮರದ ನಡುವೆ.

ಇನ್ನೊಂದೇ ವಿಷಯ ಹೇಳಿ ಮುಗಿಸ್ತೀನಿ. 1905ರ ಬೇಸಿಗೆಯಲ್ಲಿ, ವಯಸ್ಸು ಎಪ್ಪತ್ತೊಂದು, ಡೈರಿಯಲ್ಲಿ ಅವರು ತಮ್ಮ ಹೆಸರು ಉಳಿಸಿದ ಕೆಲಸಗಳು ಒಟ್ಟು ನಾಲ್ಕು ಅಂತ ಬರೆದ್ಕೊಂಡಿದಾರೆ. ಆವರ್ತಕ ನಿಯಮ, ಒಂದು. ಅನಿಲಗಳ ಸ್ಥಿತಿಸ್ಥಾಪಕತೆಯ ಅಧ್ಯಯನ, ಎರಡು. ದ್ರಾವಣಗಳ ಬಗ್ಗೆ ತಾವು ಕೊಟ್ಟ ತಿಳುವಳಿಕೆ, ಮೂರು. ನಾಲ್ಕನೇದು ಓಸ್ನೊವಿ ಖಿಮಿಯಿ. ನಿಯಮ ಬೇರೆ, ಪುಸ್ತಕ ಬೇರೆ ಅಂತ ಎಣಿಸಿದಾರೆ, ಎರಡಕ್ಕೂ ಒಂದೊಂದು ಸಾಲು. ಆ ಪುಸ್ತಕದ ಎಂಟನೇ ಆವೃತ್ತಿಯ ಕೆಲಸದಲ್ಲೇ ಆಗ ಅವರು ಇದ್ದದ್ದು. ಅದು ಹೊರಗೆ ಬಂದಾಗ ಮೂವತ್ತು ನಲವತ್ತು ವರ್ಷ ಪುಟದ ಕೆಳಗೆ ಬೆಳೆದಿದ್ದ ಆ ಟಿಪ್ಪಣಿಗಳನ್ನೆಲ್ಲ ಎತ್ತಿ ಕೊನೆಗೆ ಬೇರೆ ಭಾಗವಾಗಿ ಹಾಕಿದ್ರು, ಮೊದಲ ಸಲ ಓದೋ ಹುಡುಗನಿಗೆ ಮುಂದಿನ ಸಾಲು ಸುಲಭವಾಗಿ ಸಿಗಲಿ ಅಂತ.